ಹಳೆಯ ಕಾರಿನ ರಿಪೇರಿ: ಯಾವುದು ನಿಮ್ಮ ಕೈಗೆ, ಯಾವುದು ಗ್ಯಾರೇಜಿಗೆ, ಯಾವುದು ಕಂಪನಿಗೆ?

ಕಾರಿಗೆ ಹದಿನೈದೋ ಇಪ್ಪತ್ತೋ ವರ್ಷ ದಾಟಿದ ಮೇಲೆ ಪ್ರತಿ ತೊಂದರೆಗೂ ಮೂರು ದಾರಿಗಳು ಎದುರಾಗುತ್ತವೆ. ತೋಳು ಮಡಿಸಿ ನಾವೇ ಬಾನೆಟ್ ಎತ್ತುವುದು ಒಂದು, ರಸ್ತೆ ತುದಿಯ ಗ್ಯಾರೇಜಿಗೆ ಬಿಡುವುದು ಇನ್ನೊಂದು, ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ಯುವುದು ಮತ್ತೊಂದು. ಯಾವುದು ಉತ್ತಮ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೇಳುವವರೆಲ್ಲ ತಮ್ಮ ಕೊನೆಯ ಬಿಲ್ಲಿನ ಸಿಟ್ಟಿನಲ್ಲೋ ಸಂತೋಷದಲ್ಲೋ ಹೇಳುತ್ತಿರುತ್ತಾರೆ. ನನಗನ್ನಿಸುವುದು ಇಷ್ಟು: ರಿಪೇರಿ ಎಂಬ ಒಂದೇ ಹೆಸರಿನಡಿ ಎರಡು ಕೆಲಸಗಳಿವೆ. ದೋಷ ಎಲ್ಲಿದೆ ಎಂದು ಪತ್ತೆ ಮಾಡುವುದು ಮೊದಲನೆಯದು, ಅದನ್ನು ಸರಿಪಡಿಸುವುದು ಎರಡನೆಯದು. ಸರಿಪಡಿಸುವ ಕೆಲಸವನ್ನು ಯಾರಿಗೆ ಬೇಕಾದರೂ ಕೊಡಬಹುದು. ಪತ್ತೆಯ ಕೆಲಸವನ್ನು ಆದಷ್ಟು ಮಾಲೀಕನೇ ಇಟ್ಟುಕೊಳ್ಳಬೇಕು. ದೋಷ ಗೊತ್ತಾಗದೆ ಬಿಡಿಭಾಗಗಳನ್ನು ಒಂದಾದ ಮೇಲೊಂದು ಬದಲಿಸುತ್ತ ಹೋಗುವುದು ಹುತ್ತ ಬಡಿಯುವ ಕೆಲಸ. ಹಾವು ಒಳಗೇ ಇರುತ್ತದೆ, ಜೇಬು ಮಾತ್ರ ಖಾಲಿಯಾಗುತ್ತದೆ.

ಇಲ್ಲಿ ನಾನು ಮಾತನಾಡುತ್ತಿರುವುದು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿರುವ ಮಾರುತಿ 800, ಝೆನ್, ಸ್ಯಾಂಟ್ರೊ ಮೊದಲಾದ ಪೆಟ್ರೋಲ್ ಕಾರುಗಳ ಬಗ್ಗೆ. ಡೀಸೆಲ್ ಕಾರಿನ ಲೆಕ್ಕಾಚಾರವೇ ಬೇರೆ.

ಮೊದಲು ನಿಮ್ಮ ಕಾರು ಯಾವ ಕಾಲದ್ದು ನೋಡಿ

ಮಾರುತಿ 800 ರಸ್ತೆಗಿಳಿದದ್ದು 1983ರ ಕೊನೆಯಲ್ಲಿ, ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಉದ್ದಕ್ಕೂ ಹಾಗೆಯೇ ಉಳಿಯಿತು. ಆದರೆ 2000ದ ಸುಮಾರಿಗೆ ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ ಬಂತು. ನಿಮ್ಮ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸುವುದೇ ಈ ಒಂದು ಬದಲಾವಣೆ.

ಕಾರ್ಬ್ಯುರೇಟರ್ ಕಾರಿನಲ್ಲಿ ನಡೆಯುವುದೆಲ್ಲ ಕಣ್ಣಿಗೆ ಕಾಣುತ್ತದೆ. ತಣ್ಣನೆಯ ಎಂಜಿನ್ನಿಗೆ ಗಾಳಿ ತಗ್ಗಿಸುವ ಚೋಕ್ ಮುಚ್ಚಿದೆಯೋ ಇಲ್ಲವೋ ಬೆರಳಿಟ್ಟು ನೋಡಬಹುದು, ಪೆಟ್ರೋಲ್ ಪಂಪ್ ಕೆಲಸ ಮಾಡುತ್ತಿದೆಯೇ ಎಂದು ಪೈಪು ಕಳಚಿ ತಿಳಿಯಬಹುದು. ಇಂಥ ಕಾರಿಗೆ ಕಂಪನಿಯ ಸರ್ವಿಸ್ ಸೆಂಟರು ಕೊನೆಯ ಆಯ್ಕೆಯಾಗಬೇಕು. ಅಲ್ಲಿ ಈಗ ಕೆಲಸ ಮಾಡುವ ಹುಡುಗರಲ್ಲಿ ಅನೇಕರು ಕಾರ್ಬ್ಯುರೇಟರನ್ನು ಐಟಿಐ ತರಗತಿಯಲ್ಲಿ ನೋಡಿದ್ದೇ ಹೆಚ್ಚು. ಅದು ಅವರ ತಪ್ಪಲ್ಲ, ಕಾಲದ್ದು. ಅದೇ ಹೊತ್ತಿನಲ್ಲಿ ಐವತ್ತು ದಾಟಿದ, ಕೈಯ ಗೆರೆಗಳಲ್ಲಿ ಗ್ರೀಸ್ ಇಳಿದು ಕೂತಿರುವ ಗ್ಯಾರೇಜಿನ ಮೆಕ್ಯಾನಿಕ್ ಎಂಜಿನ್ನಿನ ಸದ್ದು ಕೇಳಿಯೇ ಮೂರು ಸಿಲಿಂಡರಿನಲ್ಲಿ ಯಾವುದು ಸತ್ತಿದೆ ಎಂದು ಹೇಳಬಲ್ಲ.

ಎಂಪಿಎಫ್‌ಐ ಕಾರಿನಲ್ಲಿ ಸ್ಥಿತಿ ಬೇರೆ. ಸೆನ್ಸರ್, ವೈರಿಂಗ್, ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಎಂದು ಕಣ್ಣಿಗೆ ಕಾಣದ ದೋಷಗಳು ಸೇರಿಕೊಳ್ಳುತ್ತವೆ. ಆನ್‌ಲೈನ್ ಅಂಗಡಿಯಲ್ಲಿ ಸಿಗುವ ಬ್ಲೂಟೂತ್ ಸ್ಕ್ಯಾನರ್ ತಂದು ಚುಚ್ಚಿದರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಈಗ ಹಬ್ಬಿದೆ. ನಮ್ಮ ದೇಶದಲ್ಲಿ ಓಬಿಡಿ, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡಿನಲ್ಲಿ ದಾಖಲಿಸುವ ವ್ಯವಸ್ಥೆ, ಕಡ್ಡಾಯವಾದದ್ದು ಎರಡು ಹಂತಗಳಲ್ಲಿ, 2010ರ ಏಪ್ರಿಲ್‌ನಲ್ಲಿ ಮತ್ತು 2013ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಹಳೆಯ ಕಾರಿಗೆ ಅಗ್ಗದ ಸ್ಕ್ಯಾನರ್ ಹಾಕಿದರೆ ಮೊಬೈಲಿನ ಪರದೆಯಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಅಂಥ ಕಾರುಗಳಿಗೆ ಆಯಾ ಕಂಪನಿಯ ಭಾಷೆ ಬಲ್ಲ ಸ್ಕ್ಯಾನರೇ ಬೇಕು. ಅದು ಸರ್ವಿಸ್ ಸೆಂಟರಿನಲ್ಲಿ ಇರುತ್ತದೆ, ಅಥವಾ ಎಂಪಿಎಫ್‌ಐ ಕೆಲಸವನ್ನೇ ಮಾಡುವ ಗ್ಯಾರೇಜಿನಲ್ಲಿ. ಎಂಜಿನ್ ದೀಪ ಆರದೆ ಉರಿಯುತ್ತಿದ್ದರೆ ಸ್ಕ್ಯಾನ್ ಮಾಡಿಸಿ, ಬಂದ ಕೋಡನ್ನು ಬರೆದುಕೊಂಡು ಮನೆಗೆ ಬನ್ನಿ; ಸೆನ್ಸರ್ ಬದಲಿಸುವ ಮುನ್ನ ಅದರ ಕನೆಕ್ಟರ್ ಬಿಚ್ಚಿ ಒಳಗೆ ಹಸಿರು ಕಿಲುಬು ಇದೆಯೇ ನೋಡಿ. ಆಮ್ಲಜನಕದ ಸೆನ್ಸರ್ ಎಂದು ಕೋಡ್ ಬಂದರೆ ಆ ಸೆನ್ಸರೇ ಕೆಟ್ಟಿದೆ ಎಂದಲ್ಲ. ಅದರಿಂದ ಬರುವ ಸುದ್ದಿ ಸರಿಯಿಲ್ಲ ಎಂದಷ್ಟೇ ಅದರ ಅರ್ಥ. ಸೈಲೆನ್ಸರಿನ ಮುಂಭಾಗದಲ್ಲಿ ತೂತಿದ್ದರೂ ಅದು ಹಾಗೆಯೇ ದೂರುತ್ತದೆ.

ಸ್ಟಾರ್ಟ್ ಆಗದ ಕಾರು

ಪತ್ತೆಯ ಕೆಲಸವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಬೇಕಾದ ಸಾಧನ ಒಂದು ಡಿಜಿಟಲ್ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಐನೂರು ರೂಪಾಯಿಯೊಳಗೆ ಸಿಗುವುದೇ ಸಾಕು.

ಕೀಲಿ ತಿರುಗಿಸಿದಾಗ ಬರುವ ಸದ್ದನ್ನು ಗಮನಿಸಿ. ಟಕಟಕಟಕ ಎಂದು ಬಡಿದುಕೊಂಡರೆ ವಿದ್ಯುತ್ ಸಾಲುತ್ತಿಲ್ಲ. ಒಮ್ಮೆ ಟಕ್ ಎಂದು ಸುಮ್ಮನಾದರೆ ಹೆಡ್‌ಲೈಟ್ ಹಾಕಿ ಮತ್ತೆ ಕೀಲಿ ತಿರುಗಿಸಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿಯ ಅಥವಾ ಟರ್ಮಿನಲ್ಲಿನ ತೊಂದರೆ. ಬೆಳಕು ಕದಲದೆ ಇದ್ದರೆ ಸ್ಟಾರ್ಟರ್ ಮೋಟಾರಿನ ಕಡೆ ನೋಡಬೇಕು. ಎಂಜಿನ್ ಗಿರಗಿರನೆ ಚೆನ್ನಾಗಿಯೇ ತಿರುಗಿ ಹತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬಿಟ್ಟು ಕಿಡಿ ಮತ್ತು ಪೆಟ್ರೋಲ್ ಹುಡುಕಿ. ಎಂದಿಗಿಂತ ಹಗುರವಾಗಿ, ತಡೆಯೇ ಇಲ್ಲದಂತೆ ತಿರುಗುತ್ತಿದ್ದರೆ ಕೀಲಿಯನ್ನು ಅಲ್ಲಿಗೇ ಬಿಡಿ: ವಾಲ್ವ್‌ಗಳನ್ನು ಪಿಸ್ಟನ್ನಿನ ಓಟಕ್ಕೆ ಹೊಂದಿಸಿ ಆಡಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗುವ ಎಂಜಿನ್‌ಗಳಿವೆ. ಮತ್ತೆ ಮತ್ತೆ ತಿರುಗಿಸಿದಷ್ಟೂ ಖರ್ಚು ಬೆಳೆಯುತ್ತದೆ.

ಬ್ಯಾಟರಿಯ ಲೆಕ್ಕ ಹೀಗಿದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ, 12.4 ಇದ್ದರೆ ಮುಕ್ಕಾಲು ಪಾಲು, 12ಕ್ಕೆ ಇಳಿದಿದ್ದರೆ ಬರಿದಾಗಿದೆ. ಎಂಜಿನ್ ಓಡುವಾಗ 13.8ರಿಂದ 14.5ರವರೆಗೆ ಬರಬೇಕು, ಬರದಿದ್ದರೆ ಆಲ್ಟರ್ನೇಟರ್ ತುಂಬಿಸುತ್ತಿಲ್ಲ, ಅಥವಾ ಅದರ ಬೆಲ್ಟ್ ಸಡಿಲವಾಗಿದೆ. ಈ ಎರಡು ಅಳತೆಗಳನ್ನು ಮಾಡದೆ ಬ್ಯಾಟರಿ ಅಂಗಡಿಗೆ ಹೋಗುವವರು ಬಹಳ. ಅಲ್ಲಿ ಹೊಸ ಬ್ಯಾಟರಿ ಹಾಕಿಕೊಂಡು ಬರುತ್ತಾರೆ, ವಾರದೊಳಗೆ ಅದೂ ಬರಿದಾಗುತ್ತದೆ.

ಟರ್ಮಿನಲ್ಲಿನ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಸುರಿದು, ಮರಳು ಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಒಂದಿಷ್ಟು ವ್ಯಾಸಲಿನ್ ಸವರಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಇಷ್ಟಾದರೂ ಎಂಜಿನ್ ನಿಧಾನವಾಗಿ ತಿರುಗಿದರೆ ಹಳೆಯ ಕಾರುಗಳ ಮರೆತುಹೋದ ಶತ್ರುವೊಂದನ್ನು ನೋಡಬೇಕು: ಬ್ಯಾಟರಿಯಿಂದ ಎಂಜಿನ್ನಿಗೂ ಬಾಡಿಗೂ ಹೋಗುವ ಅರ್ಥಿಂಗ್ ಪಟ್ಟಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿಹಿಡಿದು ಬೇರೆಯವರಿಂದ ಕೀಲಿ ತಿರುಗಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಪಟ್ಟಿಯೇ ಅಪರಾಧಿ. ಹಳೆಯ ಬೋಲ್ಟು ಬಿಚ್ಚಿ, ತುಕ್ಕು ಕೆರೆದು ಮತ್ತೆ ಬಿಗಿದರೆ ಮುಗಿಯಿತು. ಸ್ಟಾರ್ಟರ್ ಮೋಟಾರ್ ಬದಲಿಸಿಯೂ ಸರಿಹೋಗದ ಕಾರುಗಳು ಈ ಒಂದು ಬೋಲ್ಟಿಗೆ ಸರಿಹೋಗುವುದುಂಟು.

ತಿರುಗುತ್ತದೆ ಆದರೆ ಹತ್ತಿಕೊಳ್ಳುವುದಿಲ್ಲ ಎಂಬಲ್ಲಿ ಕಾರ್ಬ್ಯುರೇಟರ್ ಕಾರಿನವರು ಮಳೆಗಾಲದಲ್ಲಿ ಮೊದಲು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ತೇವವನ್ನು ಒಣ ಬಟ್ಟೆಯಲ್ಲಿ ಒರೆಸಬೇಕು. ಮಲೆನಾಡಿನಲ್ಲಿ ಕಾರಿಟ್ಟುಕೊಂಡವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ಲಗ್ ಕೇಬಲ್ ಕಳಚಿದ್ದರೆ ಮತ್ತೆ ಹಾಕುವಾಗ ಸಾಲು ತಪ್ಪಬಾರದು. ಮಾರುತಿ 800ರಲ್ಲಿ ಕಿಡಿ ಹಾರುವ ಕ್ರಮ 1-3-2. ಎಂಪಿಎಫ್‌ಐ ಕಾರಿನವರು ರೇಡಿಯೋ ಆರಿಸಿ, ಕೀಲಿಯನ್ನು ಆನ್ ಮಾಡಿ ಕಿವಿಗೊಡಬೇಕು. ಹಿಂದಿನ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಗುಂಯ್ ಎನ್ನುವ ಸದ್ದು ಬಂದರೆ ಪಂಪ್ ಓಡುತ್ತಿದೆ. ಬರದಿದ್ದರೆ ಫ್ಯೂಸ್, ರಿಲೇ, ಆಮೇಲೆ ಪಂಪ್, ಈ ಕ್ರಮದಲ್ಲೇ ನೋಡಿ. ಪಂಪೇ ಕೆಟ್ಟಿದ್ದರೆ ಕೆಲಸವನ್ನು ಗ್ಯಾರೇಜಿಗೆ ಬಿಡಿ. ಪೆಟ್ರೋಲ್ ಟ್ಯಾಂಕನ್ನು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಿಚ್ಚುವುದು ಧೈರ್ಯವಲ್ಲ, ಅವಿವೇಕ.

ಪ್ಲಗ್ ಬಿಚ್ಚಿ ನೋಡಿದರೆ ಎಂಜಿನ್ನಿನ ಒಳಗಿನ ಕಥೆ ಅಲ್ಲಿಯೇ ಬರೆದಿರುತ್ತದೆ. ತುದಿ ತಿಳಿಗಂದಾಗಿದ್ದರೆ ಎಲ್ಲ ಸರಿ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಎಣ್ಣೆಯ ಪಸೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಎಂಜಿನ್ ಅತಿಯಾಗಿ ಕಾಯುತ್ತಿದೆ. ಬೆಂಗಳೂರಿನ ಹಿರಿಯರು ಯಾವ ಕಂಪನಿಯ ಪ್ಲಗ್ ಆದರೂ ‘ಮೈಕೋ ಪ್ಲಗ್’ ಎನ್ನುವುದನ್ನು ಕೇಳಿರಬಹುದು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆನಿಂತ ಮೈಕೋ ಕಾರ್ಖಾನೆಯ ಗುರುತು ಅದು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಮಾತಿನಲ್ಲಿ ಮೈಕೋ ಉಳಿದುಕೊಂಡಿದೆ.

ಕಾಯುವ ಎಂಜಿನ್

ಟೆಂಪರೇಚರ್ ಮುಳ್ಳು ಏರುವ ಕಾರಿನ ವಿಷಯದಲ್ಲಿ ಗ್ಯಾರೇಜುಗಳು ಮಾಡುವ ಒಂದು ಕೆಲಸಕ್ಕೆ ನನ್ನ ಬಲವಾದ ವಿರೋಧವಿದೆ: ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ತರ್ಮೋಸ್ಟಾಟ್ ಎಂಬ ಕವಾಟವನ್ನು ತೆಗೆದು ಎಸೆಯುವುದು. ‘ನಮ್ಮ ಸೆಕೆಗೆ ಇದು ಬೇಕಾಗಿಯೇ ಇಲ್ಲ’ ಎನ್ನುತ್ತಾರೆ. ತೆಗೆದ ಮೇಲೆ ಮುಳ್ಳು ಇಳಿಯುತ್ತದೆ, ಗಿರಾಕಿ ಖುಷಿಯಾಗುತ್ತಾನೆ. ಆದರೆ ಎಂಜಿನ್ ಬೇಕಾದ ಬಿಸಿಗೆ ಬರುವುದೇ ಇಲ್ಲ. ಎಂಪಿಎಫ್‌ಐ ಕಾರಿನ ಕಂಪ್ಯೂಟರ್ ಎಂಜಿನ್ ಇನ್ನೂ ತಣ್ಣಗಿದೆ ಎಂದೇ ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಎಣ್ಣೆ ಬೇಗ ಹಾಳಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ನಿಜವಾದ ದೋಷ, ಅಂದರೆ ಕಟ್ಟಿಕೊಂಡ ರೇಡಿಯೇಟರೋ ಸವೆದ ವಾಟರ್ ಪಂಪೋ, ಮುಚ್ಚಿಹೋಗಿ ಇನ್ನೊಂದು ಬೇಸಿಗೆಯವರೆಗೆ ಕಾಯುತ್ತ ಕೂತಿರುತ್ತದೆ.

ಮುಳ್ಳು ಯಾವಾಗ ಏರುತ್ತದೆ ಎಂಬುದನ್ನು ಮಾಲೀಕನಷ್ಟು ಚೆನ್ನಾಗಿ ಯಾರೂ ಹೇಳಲಾರರು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತಾಗ ಏರಿ, ಹೊರವರ್ತುಲ ರಸ್ತೆಯಲ್ಲಿ ಓಡುವಾಗ ಇಳಿದರೆ ಫ್ಯಾನ್ ತಿರುಗುತ್ತಿಲ್ಲ. ಫ್ಯೂಸ್, ರಿಲೇ, ಫ್ಯಾನ್ ಸ್ವಿಚ್, ಮೋಟಾರ್ ಇಷ್ಟೇ ನೋಡಬೇಕಾದ್ದು. ಇದನ್ನು ಮನೆಯಲ್ಲೇ ಪತ್ತೆ ಮಾಡಬಹುದು. ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲಿ ಅಥವಾ ಘಾಟಿ ಹತ್ತುವಾಗ ಏರಿದರೆ ಫ್ಯಾನ್ ನಿರಪರಾಧಿ, ನೀರಿನ ಹರಿವಿನಲ್ಲಿ ತಡೆಯಿದೆ. ಆಗ ರೇಡಿಯೇಟರ್ ಅಂಗಡಿಗೆ ಹೋಗಿ. ತಾಮ್ರ–ಹಿತ್ತಾಳೆಯ ಹಳೆಯ ರೇಡಿಯೇಟರನ್ನು ಬಿಚ್ಚಿ, ಕೊಳವೆಗಳಲ್ಲಿ ಕಂಬಿ ಆಡಿಸಿ, ಮತ್ತೆ ಬೆಸುಗೆ ಹಾಕಿ ಕೊಡುವವರು ಇನ್ನೂ ಇದ್ದಾರೆ. ಅಲ್ಯೂಮಿನಿಯಂ ಮೈಗೆ ಪ್ಲಾಸ್ಟಿಕ್ ತೊಟ್ಟಿ ಜೋಡಿಸಿರುವ ರೇಡಿಯೇಟರ್ ಆಗಿದ್ದರೆ ರಿಪೇರಿಯ ಆಸೆ ಬಿಟ್ಟು ಹೊಸದು ತನ್ನಿ.

ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಿದ್ದರೆ, ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲದೆ ಬರುತ್ತಿದ್ದರೆ, ಎಣ್ಣೆ ಮುಚ್ಚಳದ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡು ಕಂಡರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲು, ಹೋಗಿದೆ ಎಂದು ಅನುಮಾನಿಸಬೇಕು. ಇದು ಗ್ಯಾರೇಜಿನ ಕೆಲಸ, ಜೊತೆಗೆ ಲೇತ್‌ನವರದ್ದು. ಕಾದು ಸೊಟ್ಟಗಾದ ಅಲ್ಯೂಮಿನಿಯಂ ಹೆಡ್ಡನ್ನು ಫೇಸಿಂಗ್ (ಯಂತ್ರದಲ್ಲಿ ಕೆರೆದು ಸಮತಟ್ಟು ಮಾಡುವುದು) ಮಾಡಿಸದೆ ಬರೀ ಗ್ಯಾಸ್ಕೆಟ್ ಬದಲಿಸಿದರೆ ಮತ್ತೆ ಅದೇ ಕೆಲಸಕ್ಕೆ ಬರಬೇಕಾಗುತ್ತದೆ. ಫೇಸಿಂಗ್ ಬೇಡ ಎನ್ನುವ ಗ್ಯಾರೇಜಿಗಿಂತ ಅದಕ್ಕೆ ಹಣ ಕೇಳುವ ಗ್ಯಾರೇಜೇ ಅಗ್ಗ.

ನೀವೇ ಮಾಡಬೇಕಾದ ಕೆಲಸವೆಂದರೆ ಕೊಳವೆ ಬಾವಿಯ ನೀರನ್ನು ರೇಡಿಯೇಟರಿಗೆ ಹಾಕದಿರುವುದು. ಬೆಂಗಳೂರಿನ ಗಡಸು ನೀರು ಬಕೆಟ್ಟಿನಲ್ಲಿ ಬಿಡುವ ಬಿಳಿ ಪೊರೆಯನ್ನು ನೋಡಿದ್ದೀರಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಕೂಲೆಂಟನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಬೆರೆಸಿ ಹಾಕಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ; ಒಳಗಿನ ಒತ್ತಡ ಕುದಿಯುವ ನೀರನ್ನು ಮುಖಕ್ಕೆ ಎರಚುತ್ತದೆ.

ಕೈಗೆ ತೆಗೆದುಕೊಳ್ಳುವ ಮುನ್ನ ಒಂದು ಪ್ರಶ್ನೆ

ಯಾವ ಕೆಲಸವನ್ನು ತಾನೇ ಮಾಡಬಹುದು ಎಂದು ನಿರ್ಧರಿಸಲು ಜನ ಕಷ್ಟದ ಲೆಕ್ಕ ಹಾಕುತ್ತಾರೆ. ಕಷ್ಟಕ್ಕಿಂತ ಪರಿಣಾಮದ ಲೆಕ್ಕ ಮುಖ್ಯ. ನಾನು ಮಾಡಿದ್ದು ತಪ್ಪಾದರೆ ಕಾರು ಹೊರಡುವುದಿಲ್ಲವೋ, ನಿಲ್ಲುವುದಿಲ್ಲವೋ? ಹೊರಡದ ಕಾರು ಮನೆಯ ಮುಂದೆಯೇ ಇರುತ್ತದೆ. ನಿಲ್ಲದ ಕಾರು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು.

ಏರ್ ಫಿಲ್ಟರ್, ಪ್ಲಗ್, ಬಲ್ಬು, ಫ್ಯೂಸ್, ವೈಪರ್, ಬ್ಯಾಟರಿ, ಕ್ಲಚ್ ಕೇಬಲ್ ಹೊಂದಿಸುವುದು ಮೊದಲ ಗುಂಪಿಗೆ ಸೇರುತ್ತವೆ. ಯಾವ ಅಂಜಿಕೆಯೂ ಇಲ್ಲದೆ ಮಾಡಿ. ಎಂಜಿನ್ ಎಣ್ಣೆ ಬದಲಿಸುವುದೂ ಸುಲಭವೇ, ಆದರೆ ಕಾರಿನ ಅಡಿಗೆ ಹೋಗಬೇಕಾಗುತ್ತದೆ. ಡಿಕ್ಕಿಯಲ್ಲಿರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಂಬಿಕೆಯಿಟ್ಟು ಅಡಿಯಲ್ಲಿ ಮಲಗಬಾರದು. ಸಿಮೆಂಟ್ ಬ್ಲಾಕ್ ಇನ್ನೂ ಅಪಾಯ, ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳುವ ಮನಸ್ಸಿಲ್ಲದವರು ಎಣ್ಣೆಯನ್ನು ಗ್ಯಾರೇಜಿನಲ್ಲೇ ಬದಲಿಸಲಿ. ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯುವ ಪ್ರಶ್ನೆಯೂ ಆಗ ಬರುವುದಿಲ್ಲ. ಗ್ಯಾರೇಜಿನಿಂದ ಅದನ್ನು ಕೊಂಡೊಯ್ಯುವವರು ಇರುತ್ತಾರೆ.

ಬ್ರೇಕಿನ ವಿಷಯದಲ್ಲಿ ಪತ್ತೆಯನ್ನು ನೀವು ಮಾಡಿ, ರಿಪೇರಿಯನ್ನು ಅಲ್ಲ. ಪೆಡಲ್ ಒತ್ತಿದರೆ ಸ್ಪಂಜಿನಂತೆ ಮೆತ್ತಗಿದೆಯೇ? ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಿದ್ದರೆ ನಿಧಾನವಾಗಿ ಕೆಳಗಿಳಿಯುತ್ತದೆಯೇ? ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರ್ ಸವೆದಿದೆ. ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಕ್ಯಾಲಿಪರ್ ಅಂಟಿಕೊಂಡಿರಬಹುದು. ಇಷ್ಟನ್ನು ಹೇಳಿ ಗ್ಯಾರೇಜಿಗೆ ಕೊಟ್ಟರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ಹಣವೂ ಉಳಿಯುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ನೀವೇ ನೆನಪಿಸಬೇಕು, ಬೇರೆ ಯಾರೂ ನೆನಪಿಸುವುದಿಲ್ಲ. ಸ್ಟೀರಿಂಗ್, ಸಸ್ಪೆನ್ಷನ್ನಿಗೂ ಇದೇ ಮಾತು. ಪೂರ್ತಿ ತಿರುಗಿಸಿ ಓಡಿಸುವಾಗ ಚಕ್ರದ ಬಳಿ ಟಕ್ ಟಕ್ ಎಂದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಹೋಗುತ್ತಿದೆ. ರಬ್ಬರ್ ಬೂಟ್ ಹರಿದ ದಿನವೇ ಕಂಡುಕೊಂಡಿದ್ದರೆ ಬೂಟಿನ ಖರ್ಚಿನಲ್ಲೇ ಮುಗಿಯುತ್ತಿತ್ತು.

ಎ.ಸಿ.ಯನ್ನು ಎ.ಸಿ.ಯವರಿಗೇ ಬಿಡಿ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವವರನ್ನು ಮಾತ್ರ ಬಿಟ್ಟುಬಿಡಿ.

ಗ್ಯಾರೇಜೋ, ಕಂಪನಿಯೋ

ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಬೆಲೆಯದ್ದಲ್ಲ, ರೀತಿಯದ್ದು. ಸರ್ವಿಸ್ ಸೆಂಟರ್ ಇಡಿಯ ಭಾಗವನ್ನು ಬದಲಿಸುತ್ತದೆ. ಗ್ಯಾರೇಜಿನ ಲೋಕ ಭಾಗದೊಳಗಿನ ಭಾಗವನ್ನು ಬದಲಿಸುತ್ತದೆ. ಆಲ್ಟರ್ನೇಟರ್ ಕೆಟ್ಟರೆ ಕಂಪನಿಯಲ್ಲಿ ಹೊಸ ಆಲ್ಟರ್ನೇಟರಿಗೆ ಬಿಲ್ಲು ಬರುತ್ತದೆ. ಆಟೋ ಎಲೆಕ್ಟ್ರಿಷಿಯನ್ ಅದನ್ನು ಬಿಚ್ಚಿ ಸವೆದ ಕಾರ್ಬನ್ ಬ್ರಷ್, ಬೇರಿಂಗ್ ಹಾಕಿ ಸಂಜೆಗೆ ಕೊಡುತ್ತಾನೆ. ಸ್ಟಾರ್ಟರ್ ಮೋಟಾರಿನ ಕಥೆಯೂ ಇದೇ. ಹಳೆಯ ಕಾರಿಗೆ ಎರಡನೆಯ ರೀತಿಯೇ ಹೊಂದುತ್ತದೆ, ಏಕೆಂದರೆ ಹೊಸ ಭಾಗ ಎಷ್ಟೋ ಸಲ ಸಿಗುವುದೇ ಇಲ್ಲ. ಸಿಕ್ಕರೂ ಮೂಗಿಗಿಂತ ಮೂಗುತಿ ಭಾರ. ಹಾಗೆಂದು ಕಂಪನಿ ಪ್ರತಿ ಸಲವೂ ಸೋಲುತ್ತದೆ ಎಂದಲ್ಲ. ಟೈಮಿಂಗ್ ಬೆಲ್ಟ್, ಇಸಿಎಂ ಮತ್ತು ಸೆನ್ಸರುಗಳ ಪರೀಕ್ಷೆ, ಭಾಗದ ನಂಬರ್ ಹಿಡಿದು ತರಿಸಬೇಕಾದ ಅಪರೂಪದ ಸಾಮಾನು, ಇವುಗಳಿಗೆ ನಾನಾದರೆ ಅಲ್ಲಿಗೇ ಹೋಗುತ್ತೇನೆ. ಬಿಲ್ಲು ದೊಡ್ಡದಾದರೂ ಅದರ ಮೇಲೆ ಒಂದು ದಿನಾಂಕವೂ ಕಿಲೋಮೀಟರೂ ಇರುತ್ತದೆ, ಐದು ವರ್ಷದ ಮೇಲೆ ಅದೇ ದಾಖಲೆ ಕೆಲಸಕ್ಕೆ ಬರುತ್ತದೆ.

ಗ್ಯಾರೇಜಿನಲ್ಲಿ ಮಾತನಾಡುವ ಬಗೆಯೂ ಮುಖ್ಯ. ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿ’ ಎಂದು ತೀರ್ಪು ಹೇಳಿದರೆ ಅವರು ಅದನ್ನೇ ಮಾಡಿ ಹಣ ತೆಗೆದುಕೊಳ್ಳುತ್ತಾರೆ, ತಪ್ಪು ಅವರದ್ದಲ್ಲ. ‘ತಣ್ಣಗಿರುವಾಗ ಸರಿಯಾಗಿ ಓಡುತ್ತದೆ, ಅರ್ಧ ಗಂಟೆ ಓಡಿದ ಮೇಲೆ ಸಿಗ್ನಲಿನಲ್ಲಿ ಆಫ್ ಆಗುತ್ತದೆ, ಐದು ನಿಮಿಷ ಬಿಟ್ಟರೆ ಮತ್ತೆ ಹತ್ತಿಕೊಳ್ಳುತ್ತದೆ’ ಎಂದು ಲಕ್ಷಣ ಹೇಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಅಷ್ಟು ಸಾಕು: ಕಿಡಿಗೆ ಬೇಕಾದ ವೋಲ್ಟೇಜ್ ಕೊಡುವ, ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲ್ ಅವನ ಮನಸ್ಸಿಗೆ ತಾನಾಗಿ ಬರುತ್ತದೆ. ಬದಲಿಸಿದ ಹಳೆಯ ಭಾಗವನ್ನು ಕೈಗೆ ಕೊಡಬೇಕೆಂದು ಮೊದಲೇ ಹೇಳಿಬಿಡಿ. ಹಾಗೆ ಹೇಳಿದವರ ಕಾರಿನಲ್ಲಿ ಅನಗತ್ಯವಾಗಿ ಭಾಗಗಳು ಬದಲಾಗುವುದು ಕಡಿಮೆ.

ಯಾವ ಬಿಡಿಭಾಗ

ಅಂಗಡಿಯಲ್ಲಿ ನಾಲ್ಕು ಬಗೆ ಸಿಗುತ್ತವೆ. ಕಾರು ಕಂಪನಿಯ ಪೊಟ್ಟಣದಲ್ಲಿ ಬರುವ ಜೆನ್ಯೂನ್ ಭಾಗ, ಅದೇ ದರ್ಜೆಯ ಭಾಗವನ್ನು ತಯಾರಿಸುವವರು ತಮ್ಮದೇ ಹೆಸರಿನಲ್ಲಿ ಮಾರುವುದು, ಡೂಪ್ಲಿಕೇಟ್, ಮತ್ತು ಗುಜರಿಯಿಂದ ಬಂದ ಹಳೆಯ ಭಾಗ. ನನ್ನ ಮತ ಹೆಚ್ಚಾಗಿ ಎರಡನೆಯದಕ್ಕೆ. ಬಾಷ್ ಪ್ಲಗ್, ಲೂಕಾಸ್ ಟಿವಿಎಸ್ ಸ್ಟಾರ್ಟರ್ ಮತ್ತು ಆಲ್ಟರ್ನೇಟರ್ ಭಾಗಗಳು, ರಾಣೆ ಸ್ಟೀರಿಂಗ್ ಭಾಗಗಳು ಇಂಥವು. ಕಾರ್ಖಾನೆಗಳಿಗೆ ಸರಬರಾಜು ಮಾಡುವ ಹೆಸರುಗಳೇ ಇವು, ಬೆಲೆಯಲ್ಲಿ ಮಾತ್ರ ಕಂಪನಿಯ ಪೊಟ್ಟಣದ ಭಾರವಿರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಸಾಲಿನುದ್ದಕ್ಕೂ ಇವು ಸಿಗುತ್ತವೆ. ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಮಾಡೆಲ್ ವರ್ಷ ಹೇಳಿ ತಂದದ್ದು ಹೊಂದದಿರಬಹುದು, ಪಕ್ಕದಲ್ಲಿಟ್ಟು ನೋಡಿ ತಂದದ್ದು ಹೊಂದುತ್ತದೆ.

ಡೂಪ್ಲಿಕೇಟ್ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬಾಗಿಲ ಹಿಡಿ, ಮಡ್‌ಫ್ಲ್ಯಾಪ್, ಕನ್ನಡಿ, ಬಂಪರ್ ಕ್ಲಿಪ್ ಯಾವುದಾದರೂ ನಡೆಯುತ್ತದೆ. ಬ್ರೇಕ್ ಪ್ಯಾಡ್, ವಾಟರ್ ಪಂಪ್, ಟೈಮಿಂಗ್ ಬೆಲ್ಟ್, ಬಾಲ್ ಜಾಯಿಂಟ್ ಇವುಗಳಲ್ಲಿ ಅಗ್ಗದ ಆಸೆ ಬೇಡ. ಗುಜರಿಯ ಸಾಮಾನಿಗೂ ಒಂದು ಗೌರವದ ಜಾಗವಿದೆ. ಮೀಟರ್ ಬೋರ್ಡ್, ಬಾಗಿಲು, ಗಾಜು, ಸೀಟು, ಇಸಿಎಂನಂಥವು ಹೊಸದಾಗಿ ಸಿಗದಿದ್ದಾಗ ಶಿವಾಜಿನಗರದ ಹಳೆಯ ಸಾಮಾನಿನ ಅಂಗಡಿಗಳೇ ಗತಿ. ರಬ್ಬರಿನದ್ದನ್ನು ಮಾತ್ರ ಹಳೆಯದಾಗಿ ಕೊಳ್ಳಬಾರದು, ಟೈರ್ ಕೂಡ. ಟೈರಿನ ಮಗ್ಗುಲಲ್ಲಿ ನಾಲ್ಕಂಕಿಯ ಗುರುತಿರುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರ ತಯಾರಾದದ್ದು. ಕಡಿಮೆ ಓಡುವ ಹಳೆಯ ಕಾರಿನ ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ, ಟೈರಿನ ಗೀರುಗಳು ಆಳವಾಗಿವೆ ಎಂದು ಮೋಸಹೋಗಬಾರದು.

ರಬ್ಬರಿನ ಮಾತು ಬಂದದ್ದರಿಂದ ಹೇಳುತ್ತೇನೆ, ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಬಗೆಯ ರಬ್ಬರನ್ನು ಗಟ್ಟಿಯಾಗಿಸಿ ಬಿರುಕು ಬಿಡಿಸುತ್ತದೆ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರಿನ ಗ್ಯಾಸ್ಕೆಟ್, ಫಿಲ್ಟರ್ ಇವನ್ನು ಈ ಇಂಧನಕ್ಕೆ ಒಗ್ಗುವಂಥವಕ್ಕೆ ಬದಲಿಸಿಬಿಡುವುದು ಒಳ್ಳೆಯದು. ಬಾನೆಟ್ಟಿನ ಕೆಳಗೆ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಎನ್ನಬೇಡಿ. ತಿಂಗಳುಗಟ್ಟಲೆ ಟ್ಯಾಂಕು ಅರ್ಧ ಖಾಲಿಯಾಗಿ ನಿಲ್ಲುವ ಕಾರಿಗೂ ಈ ಪೆಟ್ರೋಲ್ ಒಳ್ಳೆಯದಲ್ಲ.

ಎಲ್ಲಿಗೆ ನಿಲ್ಲಿಸಬೇಕು

ಎಂಜಿನ್ ಕೆಟ್ಟರೆ ಮರುಜೀವ ಕೊಡಬಹುದು, ತುಕ್ಕು ತಿಂದ ಮೈಗೆ ಕಷ್ಟ. ಕಾರವಾರದಿಂದ ಮಂಗಳೂರಿನವರೆಗೆ ಉಪ್ಪುಗಾಳಿಯಲ್ಲಿ ಬೆಳೆದ ಕಾರನ್ನು ಕೊಳ್ಳುವಾಗಲೋ ಉಳಿಸಿಕೊಳ್ಳುವಾಗಲೋ ಮೊದಲು ನೆಲದ ಚಾಪೆ ಎತ್ತಿ ನೋಡಿ, ಬಾಗಿಲ ಕೆಳಗಿನ ಅಂಚನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಜಾಕ್ ಕೊಡುವ ಜಾಗ ಕುಸಿದಿದ್ದರೆ, ಸಸ್ಪೆನ್ಷನ್ ಕೂಡುವ ಲೋಹ ಸಿಪ್ಪೆಯಾಗಿ ಎದ್ದಿದ್ದರೆ ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸುವುದು ಕಣ್ಣೊರೆಸುವ ಕೆಲಸ. ಉಳಿದ ಯಾವುದೇ ದೋಷಕ್ಕೆ ದಾರಿಯಿದೆ ಎಂದುಕೊಳ್ಳುವವನು ನಾನು, ಇಲ್ಲಿ ಮಾತ್ರ ಮಾರಿಬಿಡಿ ಎನ್ನುತ್ತೇನೆ.

ಕರ್ನಾಟಕದಲ್ಲಿ ದೆಹಲಿಯಂತೆ ವಯಸ್ಸಾಯಿತೆಂದು ಖಾಸಗಿ ಪೆಟ್ರೋಲ್ ಕಾರನ್ನು ರಸ್ತೆಯಿಂದ ಇಳಿಸುವ ನಿಯಮವಿಲ್ಲ. 15 ವರ್ಷ ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಕಾರನ್ನು ಒಯ್ದು ನೋಂದಣಿ ನವೀಕರಿಸಿಕೊಳ್ಳಬೇಕು, ಆಮೇಲೆ ಐದು ವರ್ಷಕ್ಕೊಮ್ಮೆ. 600 ರೂಪಾಯಿಯಿದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೇರಿತು. 20 ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದು 10,000 ಆಯಿತು. ಈ ಖರ್ಚನ್ನು ಮುಂದಿನ ಐದು ವರ್ಷದ ರಿಪೇರಿಯ ಜೊತೆ ಸೇರಿಸಿಯೇ ಕಾರನ್ನು ಉಳಿಸಿಕೊಳ್ಳುವ ತೀರ್ಮಾನ ಮಾಡಬೇಕು. ತಪಾಸಣೆಗೆ ಹೋಗುವ ಮುಂಚೆ ದೀಪಗಳು, ಹಾರ್ನ್, ಹ್ಯಾಂಡ್‌ಬ್ರೇಕ್, ಟೈರುಗಳನ್ನು ನೀವೇ ನೋಡಿಕೊಳ್ಳಿ; ಛಾಸಿ ನಂಬರ್ ತುಕ್ಕಿನಡಿ ಅಡಗಿದ್ದರೆ ಮೆಲ್ಲಗೆ ಉಜ್ಜಿ ಓದುವಂತೆ ಮಾಡಿ, ಆದರೆ ಅಂಕಿಗಳನ್ನು ಸವೆಸಬೇಡಿ.

ಎಮಿಷನ್ ಟೆಸ್ಟಿನ ಚೀಟಿಯನ್ನು ಜನ ಪೊಲೀಸರಿಗೆ ತೋರಿಸಲು ಮಾತ್ರ ಇಟ್ಟುಕೊಳ್ಳುತ್ತಾರೆ. ಪತ್ತೆಯ ಸಾಧನವಾಗಿ ಅದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 2 ನಿಯಮಗಳಿಗಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇಕಡಾ 3, ಹೈಡ್ರೋಕಾರ್ಬನ್ ಮಿತಿ 1,500 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ). ಸ್ಟೇಜ್ 2 ಮತ್ತು 3ರವಕ್ಕೆ 0.5 ಮತ್ತು 750. ಸ್ಟೇಜ್ 4ಕ್ಕೆ 0.3 ಮತ್ತು 200. ಚೀಟಿಯಲ್ಲಿ ಮೊನಾಕ್ಸೈಡ್ ಏರಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಚೋಕ್ ಅಂಟಿಕೊಂಡಿದೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಹೈಡ್ರೋಕಾರ್ಬನ್ ಮಾತ್ರ ಏರಿದ್ದರೆ ಉರಿಯದ ಪೆಟ್ರೋಲ್ ಹೊರಬರುತ್ತಿದೆ, ಪ್ಲಗ್ ಮತ್ತು ಕೇಬಲ್ ನೋಡಿ. ಕಾರನ್ನು ಚೆನ್ನಾಗಿ ಓಡಿಸಿ ಬಿಸಿ ಮಾಡಿಕೊಂಡು ಹೋಗಿ, ತಣ್ಣನೆಯ ಎಂಜಿನ್ನಿನ ಅಂಕಿಗಳಿಗೆ ಅರ್ಥವಿಲ್ಲ. ಕಾರ್ಬ್ಯುರೇಟರಿನ ಮಿಕ್ಸ್ಚರ್ ಸ್ಕ್ರೂ ತಿರುಗಿಸಲೇಬೇಕಾದರೆ ಮೆಕ್ಯಾನಿಕ್ಕನ್ನು ಎಮಿಷನ್ ಕೇಂದ್ರಕ್ಕೇ ಕರೆದುಕೊಂಡು ಹೋಗಿ, ಪೈಪು ಸೈಲೆನ್ಸರಿನಲ್ಲಿರುವಾಗ, ಅಂಕಿ ನೋಡುತ್ತ ಕಾಲು ಸುತ್ತಿನಷ್ಟು ತಿರುಗಿಸಿಸಿ.